‘ಅಂತಾರಾಷ್ಟ್ರೀಯ’: ಒಂದು ಪದದ ಕತೆ



ಜೂನ್ ತಿಂಗಳ ಮೊದಲ ವಾರ. ಪ್ರವೇಶೋತ್ಸವಕ್ಕೆ ಕಟ್ಟಿದ ಮಾವಿನ ತೋರಣ ಇನ್ನೂ ಒಣಗಿರಲಿಲ್ಲ. ನಮ್ಮದೇ ಹಳೆ ವಿದ್ಯಾರ್ಥಿಯೊಬ್ಬ ಶಾಲೆಯ ಜಗಲಿಯಲ್ಲಿ ಬಂದು ನಿಂತ. ಅವನ ಮಗ ನಮ್ಮಲ್ಲಿ ಆರನೇ ತರಗತಿ ಮುಗಿಸಿ ಏಳಕ್ಕೆ ಬಂದಿದ್ದ.

“ಮಾಷ್ಟ್ರೇ, ಮಗನ ಟಿ.ಸಿ. ಒಂದು ಬೇಕಿತ್ತು.”

“ಎಂತ ಆಯಿತು?”

“ಎಂತ ಇಲ್ಲ. ಪೇಟೆಯಲ್ಲಿ ಇಂಟರ್‌ನ್ಯಾಶನಲ್ ಸ್ಕೂಲ್ ಉಂಟಲ್ಲ, ಅಲ್ಲಿಗೆ ಹಾಕುವ ಅಂತ.”

“ಇಂಟರ್‌ನ್ಯಾಶನಲ್ ಅಂದರೆ ಎಂತ ಅಂತ ಗೊತ್ತುಂಟಾ ನಿನಗೆ?”

ಅವನು ಸ್ವಲ್ಪ ಹೊತ್ತು ಯೋಚಿಸಿದ. “ಅಂದರೆ… ದೊಡ್ಡದು, ಮಾಷ್ಟ್ರೇ.”

ಟಿ.ಸಿ. ಸಿಕ್ಕಿತು, ಅವನು ಹೋದ. ಮಕ್ಕಳನ್ನು ಎಲ್ಲಿ ಓದಿಸಬೇಕು ಎಂಬುದು ತಂದೆ ತಾಯಿಯ ತೀರ್ಮಾನ, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಅವನ ಉತ್ತರ ಮಾತ್ರ ನಮ್ಮ ತಲೆಯಲ್ಲಿ ಉಳಿಯಿತು. ಮರುದಿನ ಏಳನೇ ತರಗತಿಯಲ್ಲಿ ಅದೇ ಪ್ರಶ್ನೆ ಕೇಳಿದೆವು. “ವಿಮಾನ ನಿಲ್ದಾಣ ಸರ್” ಎಂದಳು ಒಬ್ಬಳು. “ಕ್ರಿಕೆಟ್ ಮ್ಯಾಚು” ಎಂದ ಇನ್ನೊಬ್ಬ. “ಹೊರದೇಶದ್ದು” ಎಂದು ಮತ್ತೊಬ್ಬ. ಹಿಂದಿನ ಬೆಂಚಿನಿಂದ ಒಂದು ಸ್ವರ ಬಂತು: “ಜಾಸ್ತಿ ಫೀಸು ಇರುವಂಥದ್ದು!” ಎಲ್ಲರೂ ನಕ್ಕರು. ನಾವೂ ನಕ್ಕೆವು.

ನಕ್ಕು ಮುಗಿದ ಮೇಲೆ ಅನ್ನಿಸಿತು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಪುಟಪುಟಕ್ಕೂ ಬರುವ ಪದವಿದು. ನಾವೇ ಎಷ್ಟೋ ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದೇವೆ. ಒಮ್ಮೆಯಾದರೂ ನಿಂತು ಅದರ ಅರ್ಥ ಹೇಳಿದ್ದೇವೆಯೇ? ಇಲ್ಲ. ಆ ಸಾಲವನ್ನು ಇಲ್ಲಿ ತೀರಿಸುವ ಪ್ರಯತ್ನ ಮಾಡುತ್ತೇವೆ.

ಮೊದಲು ಕಾಗುಣಿತ

ಕನ್ನಡದಲ್ಲಿ ಈ ಪದವನ್ನು ಮೂರು ರೀತಿ ಬರೆಯುವುದುಂಟು: ಅಂತರರಾಷ್ಟ್ರೀಯ, ಅಂತರ್ರಾಷ್ಟ್ರೀಯ, ಅಂತಾರಾಷ್ಟ್ರೀಯ. ಯಾವುದು ಸರಿ ಎಂದು ಮಕ್ಕಳು ಕೇಳುತ್ತಾರೆ, ಕೆಲವೊಮ್ಮೆ ಶಿಕ್ಷಕರ ಕೊಠಡಿಯಲ್ಲೂ ಚರ್ಚೆಯಾಗುತ್ತದೆ.

ಸಂಸ್ಕೃತದ ‘ಅಂತರ್’ ಎಂಬುದಕ್ಕೆ ‘ಒಳಗೆ’ ಎಂಬ ಅರ್ಥವೂ ಉಂಟು, ‘ನಡುವೆ’ ಎಂಬ ಅರ್ಥವೂ ಉಂಟು. ಅಂತರ್ಜಲ ಎಂದರೆ ನೆಲದ ಒಳಗಿನ ನೀರು. ಅಂತರ್ಜಾತೀಯ ವಿವಾಹ ಎಂದರೆ ಎರಡು ಜಾತಿಗಳ ನಡುವಿನ ಮದುವೆ. ಈ ‘ಅಂತರ್’ ಮುಂದೆ ‘ರಾಷ್ಟ್ರೀಯ’ ಬಂದಾಗ ರೇಫದ ಎದುರು ರೇಫ ಬರುತ್ತದೆ. ಹಾಗಾದಾಗ ಹಿಂದಿನ ರೇಫ ಲೋಪವಾಗಿ, ಅದಕ್ಕೂ ಹಿಂದಿನ ಹ್ರಸ್ವ ಸ್ವರ ದೀರ್ಘವಾಗಬೇಕು ಎನ್ನುತ್ತದೆ ಸಂಸ್ಕೃತ ವ್ಯಾಕರಣ. ಕಷ್ಟದ ಸೂತ್ರ ಎಂದು ಹೆದರಬೇಡಿ. ನಿರ್ + ರಸ = ನೀರಸ, ನಿರ್ + ರವ = ನೀರವ. ನಮ್ಮ ಪಾಠ ನೀರಸವಾದಾಗ ತರಗತಿ ನೀರವವಾಗುತ್ತದಲ್ಲ, ಅದೇ ಸಂಧಿ! ಅದೇ ಲೆಕ್ಕದಲ್ಲಿ ಅಂತರ್ + ರಾಷ್ಟ್ರೀಯ = ಅಂತಾರಾಷ್ಟ್ರೀಯ.

‘ಅಂತರ’ ಎಂಬ ಅಕಾರಾಂತ ಪದವನ್ನೇ ತೆಗೆದುಕೊಂಡರೆ ಅಂತರ + ರಾಷ್ಟ್ರೀಯ = ಅಂತರರಾಷ್ಟ್ರೀಯ. ಇದೂ ಬಳಕೆಯಲ್ಲಿ ಗಟ್ಟಿಯಾಗಿ ನಿಂತಿದೆ. ‘ಅಂತರ್ರಾಷ್ಟ್ರೀಯ’ ಎಂಬುದು ಸಂಧಿ ಮಾಡದೆ ಎರಡು ಪದಗಳನ್ನು ಒಟ್ಟಿಗೆ ಇಟ್ಟ ಹಾಗೆ. ನಾವು ಬರೆಯುವುದು ‘ಅಂತಾರಾಷ್ಟ್ರೀಯ’. ಮಕ್ಕಳು ‘ಅಂತರರಾಷ್ಟ್ರೀಯ’ ಎಂದು ಬರೆದರೂ ಪೂರ್ತಿ ಅಂಕ ಕೊಡುತ್ತೇವೆ.

ಕಾಗುಣಿತ ಯಾವುದೇ ಇರಲಿ, ಪದದ ಜೀವ ಇರುವುದು ಮೊದಲ ಭಾಗದಲ್ಲಿ. ಅದು ‘ಮೇಲೆ’ ಎನ್ನುವುದಿಲ್ಲ, ‘ಹೊರಗೆ’ ಎನ್ನುವುದಿಲ್ಲ. ‘ನಡುವೆ’ ಎನ್ನುತ್ತದೆ. ‘ವಿದೇಶಿ’ ಎಂದರೆ ಇನ್ನೊಬ್ಬರದ್ದು. ‘ಜಾಗತಿಕ’ ಎಂದರೆ ಇಡೀ ಭೂಗೋಲಕ್ಕೆ ಸೇರಿದ್ದು. ‘ಅಂತಾರಾಷ್ಟ್ರೀಯ’ ಎಂದರೆ ಎರಡು ಅಥವಾ ಹೆಚ್ಚು ರಾಷ್ಟ್ರಗಳ ನಡುವೆ ನಡೆಯುವಂಥದ್ದು. ನಡುವೆ ಏನಾದರೂ ನಡೆಯಬೇಕಾದರೆ ಎರಡು ಬದಿಯೂ ಇರಬೇಕಷ್ಟೆ? ಒಂದು ಬದಿ ಅಳಿಸಿಹೋದರೆ ‘ನಡುವೆ’ ಎಂಬುದೇ ಉಳಿಯುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಇದಕ್ಕೇ ಬರುತ್ತೇವೆ.

ಪದ ಹುಟ್ಟಿದ್ದು ಎಲ್ಲಿ?

‘ರಾಷ್ಟ್ರ’ ನಮ್ಮಲ್ಲಿ ಬಹಳ ಹಳೆಯ ಪದ. ಆದರೆ ‘ಅಂತಾರಾಷ್ಟ್ರೀಯ’ ಹಾಗಲ್ಲ. ಇಂಗ್ಲಿಷಿನ ‘ಇಂಟರ್‌ನ್ಯಾಶನಲ್’ ಎಂಬ ಪದವನ್ನು ಹೇಳುವುದಕ್ಕಾಗಿ ಕಟ್ಟಿಕೊಂಡದ್ದು. ಆ ಇಂಗ್ಲಿಷ್ ಪದವೂ ಅಷ್ಟೇನೂ ಹಳೆಯದಲ್ಲ. ಅದನ್ನು ಟಂಕಿಸಿದವರ ಹೆಸರು ನಮಗೆ ಗೊತ್ತಿದೆ: ಜೆರೆಮಿ ಬೆಂಥಮ್, ಲಂಡನ್ನಿನ ಕಾನೂನು ಚಿಂತಕ. ನೀತಿ ಮತ್ತು ಶಾಸನಗಳ ತತ್ವಗಳ ಕುರಿತ ಅವರ ಗ್ರಂಥ 1780ರಲ್ಲಿ ಅಚ್ಚಾಗಿ 1789ರಲ್ಲಿ ಪ್ರಕಟವಾಯಿತು. ಈ ಪದ ಬಂದದ್ದು ಅದರಲ್ಲಿ.

ಅಲ್ಲಿಯವರೆಗೆ ದೇಶದೇಶಗಳ ನಡುವಿನ ನಿಯಮಗಳನ್ನು ‘ರಾಷ್ಟ್ರಗಳ ಕಾನೂನು’ ಎಂದು ಕರೆಯುತ್ತಿದ್ದರು. ಬೆಂಥಮ್ ಅವರಿಗೆ ಅದು ಸರಿ ಕಾಣಲಿಲ್ಲ. ಹಾಗೆಂದರೆ ಒಂದು ದೇಶದ ಒಳಗಿನ ಕಾನೂನು ಎಂದೇ ಕೇಳಿಸುತ್ತದಲ್ಲ ಎಂಬುದು ಅವರ ಆಕ್ಷೇಪ. ಒಳಗಿನದ್ದಕ್ಕೆ ಒಂದು ಹೆಸರು, ನಡುವಿನದ್ದಕ್ಕೆ ಇನ್ನೊಂದು ಹೆಸರು ಬೇಕು ಎಂದು ಹೊಸ ಪದ ಮಾಡಿದರು. ಪದ ಹೊಸದು, ಆದರೂ ಅರ್ಥವಾದೀತು ಎಂದು ಅಡಿಟಿಪ್ಪಣಿಯಲ್ಲಿ ಸಂಕೋಚದಿಂದಲೇ ಬರೆದುಕೊಂಡರು. ಈ ವಿಚಾರ ತಮಗಿಂತ ಮೊದಲೇ ಫ್ರಾನ್ಸಿನ ದಾಗೆಸ್ಸೋ ಎಂಬ ನ್ಯಾಯಪಂಡಿತರಿಗೆ ಹೊಳೆದಿತ್ತು ಎಂದೂ ಸೂಚಿಸಿದರು. ಅದಕ್ಕೂ ಹಿಂದೆ, 1650ರಲ್ಲಿ, ಆಕ್ಸ್‌ಫರ್ಡಿನ ರಿಚರ್ಡ್ ಝೂಶ್ ಲ್ಯಾಟಿನ್ನಿನಲ್ಲಿ ‘ಜನಾಂಗಗಳ ನಡುವಿನ ನ್ಯಾಯ’ ಎಂಬ ಮಾತನ್ನು ಬಳಸಿದ್ದರು.

ಇಲ್ಲೊಂದು ಸ್ವಾರಸ್ಯವಿದೆ. ಲ್ಯಾಟಿನ್ನಿನ ‘ಇಂಟರ್’ ಮತ್ತು ಸಂಸ್ಕೃತದ ‘ಅಂತರ್’ ಅಕ್ಕತಂಗಿಯರು, ಒಂದೇ ಮೂಲದಿಂದ ಬಂದವು. ಈ ಭಾಷೆಗಳು ಒಂದೇ ಬೇರಿನವು ಎಂದು ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಭಾಷಣ ಮಾಡಿದ್ದು 1786ರಲ್ಲಿ. ಹಾಗಾಗಿ ನಮ್ಮವರು ‘ಇಂಟರ್’ಗೆ ‘ಅಂತರ್’ ಎಂದದ್ದು ಅನುವಾದ ಮಾತ್ರವಲ್ಲ, ದೂರ ಹೋದ ಅಕ್ಕನಿಗೆ ತಂಗಿಯನ್ನು ಭೇಟಿ ಮಾಡಿಸಿದಂತೆ!

ತಂತಿ, ಅಂಚೆ, ತಕ್ಕಡಿ

ಪದ ಹುಟ್ಟಿದ ಮೇಲೆ ಬಹಳ ಕಾಲ ಅದು ಕಾನೂನು ಪಂಡಿತರ ಕಪಾಟಿನಲ್ಲೇ ಇತ್ತು. ಅದನ್ನು ಜನಸಾಮಾನ್ಯರ ಬದುಕಿಗೆ ತಂದದ್ದು ದೊರೆಗಳಲ್ಲ, ಸೇನಾಪತಿಗಳೂ ಅಲ್ಲ. ತಂತಿ ಮತ್ತು ಅಂಚೆ ಇಲಾಖೆಗಳು!

ಯುರೋಪಿನಲ್ಲಿ ತಂತಿ ಬಂದ ಹೊಸತರಲ್ಲಿ ಒಂದು ದೇಶದ ತಂತಿ ಗಡಿಯಲ್ಲಿ ನಿಲ್ಲುತ್ತಿತ್ತು. ಗಡಿಯ ಕಚೇರಿಯಲ್ಲಿ ಸಂದೇಶವನ್ನು ಕಾಗದದ ಮೇಲೆ ಬರೆದು ಆಚೆಯ ದೇಶದ ಗುಮಾಸ್ತನ ಕೈಗೆ ಕೊಡಬೇಕು. ಆತ ಅದನ್ನು ಓದಿ, ಅಗತ್ಯವಿದ್ದರೆ ತನ್ನ ಭಾಷೆಗೆ ತಿರುಗಿಸಿ, ತನ್ನ ದೇಶದ ತಂತಿಯಲ್ಲಿ ಮತ್ತೆ ಕಳಿಸಬೇಕು. ಮಿಂಚಿನ ವೇಗದ ಸುದ್ದಿ ಮೇಜಿನ ಈ ಬದಿಯಿಂದ ಆ ಬದಿಗೆ ಹೋಗಲು ಮನುಷ್ಯನ ಕೈ ಕಾಯುತ್ತಿತ್ತು. ಈ ತೊಂದರೆ ನೀಗಲೆಂದು 20 ದೇಶಗಳು ಪ್ಯಾರಿಸಿನಲ್ಲಿ ಸೇರಿ 1865ರ ಮೇ 17ರಂದು ಅಂತಾರಾಷ್ಟ್ರೀಯ ತಂತಿ ಒಕ್ಕೂಟ ಕಟ್ಟಿದವು. ಬ್ರಿಟಿಷ್ ಭಾರತ 1869ರಲ್ಲಿ ಅದನ್ನು ಸೇರಿತು. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಆದರೆ ಆ ಒಕ್ಕೂಟ ಹೆಸರು ಬದಲಿಸಿಕೊಂಡು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾಗಿ ಇಂದಿಗೂ ಇದೆ. ಗಲ್ಫಿನಿಂದ ಫೋನು ಬಂದಾಗ ಪರದೆಯ ಮೇಲೆ 971 ಅಥವಾ 966 ಎಂದು ಕಾಣುತ್ತದಲ್ಲ, ನಮ್ಮ ಸಂಖ್ಯೆಯ ಮುಂದೆ 91 ಇರುತ್ತದಲ್ಲ, ಆ ಸಂಕೇತಗಳನ್ನು ಹಂಚಿಕೊಟ್ಟದ್ದು ಅದೇ ಸಂಸ್ಥೆ.

ಇನ್ನು ಅಂಚೆ. ನಾವು ನಾಲ್ಕನೇ ತರಗತಿಯಲ್ಲಿದ್ದಾಗ ನೆರೆಮನೆಯ ಉಮ್ಮನಿಗೆ ದುಬೈಯಿಂದ ಮಗನ ಪತ್ರ ಬರುತ್ತಿತ್ತು. ಉಮ್ಮನಿಗೆ ಓದಲು ಬರುತ್ತಿರಲಿಲ್ಲ. ಮಗ ನಮ್ಮದೇ ಶಾಲೆಯಲ್ಲಿ ಕನ್ನಡ ಕಲಿತವನು, ಹಾಗಾಗಿ ಪತ್ರ ಕನ್ನಡದಲ್ಲೇ. ಓದಿ ಹೇಳುವ ಕೆಲಸ ನಮ್ಮದು, ಓದಿದ್ದಕ್ಕೆ ಒಂದು ಹಿಡಿ ಖರ್ಜೂರ. ಲಕೋಟೆಯ ಮೇಲೆ ಅರಬಿ ಅಕ್ಷರದ ಅಂಚೆಚೀಟಿ, ಇಂಗ್ಲಿಷಿನಲ್ಲಿ ವಿಳಾಸ, ಒಳಗೆ ದುಂಡಗಿನ ಕನ್ನಡ. ಚೀಟಿಯ ಹಣ ಸಂದದ್ದು ಅಲ್ಲಿಯ ಅಂಚೆಗೆ, ಆದರೆ ನಮ್ಮ ಪೋಸ್ಟ್‌ಮ್ಯಾನ್ ಬಿಸಿಲಲ್ಲಿ ಗುಡ್ಡ ಹತ್ತಿ ಬಂದು ಒಂದು ಪೈಸೆಯೂ ಕೇಳದೆ ಕೊಟ್ಟು ಹೋಗುತ್ತಿದ್ದರು. ಇದು ಹೇಗೆ ಎಂದು ಆಗ ನಮಗೆ ಹೊಳೆದಿರಲಿಲ್ಲ.

ಹೇಗೆಂದರೆ, 1874ರ ಅಕ್ಟೋಬರ್ 9ರಂದು ಸ್ವಿಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಅದಕ್ಕೂ ಮೊದಲು ಹೊರದೇಶಕ್ಕೆ ಪತ್ರ ಹಾಕುವುದೆಂದರೆ ದೊಡ್ಡ ಲೆಕ್ಕಾಚಾರ. ಒಂದೊಂದು ದೇಶದೊಂದಿಗೆ ಒಂದೊಂದು ಕರಾರು, ದಾರಿಯಲ್ಲಿ ಸಿಗುವ ಪ್ರತಿ ದೇಶಕ್ಕೂ ಬೇರೆ ಬೇರೆ ದರ. ಜರ್ಮನಿಯ ಅಂಚೆ ಅಧಿಕಾರಿ ಹೈನ್‌ರಿಖ್ ಫಾನ್ ಸ್ಟೆಫಾನ್ ಮುಂದಿಟ್ಟ ಯೋಜನೆ ಸರಳವಾಗಿತ್ತು: ಸದಸ್ಯ ದೇಶಗಳೆಲ್ಲ ಸೇರಿ ಅಂಚೆಯ ಮಟ್ಟಿಗೆ ಒಂದೇ ಸೀಮೆ. ಹೊರದೇಶದ ಪತ್ರವನ್ನೂ ತನ್ನದೇ ಪತ್ರದಂತೆ ನೋಡಿಕೊಳ್ಳಬೇಕು. ಚೀಟಿಯ ಹಣ ಕಳಿಸಿದ ದೇಶಕ್ಕೇ ಇರಲಿ. ಹೋದ ಪ್ರತಿ ಪತ್ರಕ್ಕೂ ಒಂದು ಉತ್ತರ ಬರುತ್ತದಾದ್ದರಿಂದ ಕೊನೆಗೆ ಲೆಕ್ಕ ಸರಿಹೋಗುತ್ತದೆ! ಎಷ್ಟು ಚೆಂದದ ನಂಬಿಕೆ ನೋಡಿ. ನಿಜವಾಗಿ ಸರಿಹೋಗುವುದಿಲ್ಲ ಎಂದು ಕಂಡುಬಂದದ್ದರಿಂದ 1969ರಲ್ಲಿ ಪತ್ರ ಹಂಚುವ ದೇಶಕ್ಕೂ ಪಾಲು ಕೊಡುವ ಕ್ರಮ ತಂದರು, ಅದು ಬೇರೆ ಮಾತು. ಭಾರತ 1876ರಲ್ಲೇ ಈ ಒಕ್ಕೂಟ ಸೇರಿದೆ. 1878ರಿಂದ ಅದರ ಹೆಸರು ವಿಶ್ವ ಅಂಚೆ ಒಕ್ಕೂಟ. ಅಕ್ಟೋಬರ್ 9 ವಿಶ್ವ ಅಂಚೆ ದಿನ.

ಗಮನಿಸಿ, ಆ ಒಪ್ಪಂದ ಯಾರಿಗೂ ನಿನ್ನ ಭಾಷೆ ಬಿಡು ಎನ್ನಲಿಲ್ಲ. ಲಕೋಟೆಯ ಅಳತೆ, ತೂಕ, ದರ ಇವಿಷ್ಟಕ್ಕೆ ಎಲ್ಲರೂ ಒಪ್ಪಿದರೆ ಸಾಕು. ಒಳಗಿನ ಪತ್ರ ಅವರವರ ಮಾತಿನಲ್ಲಿ. ಉಮ್ಮನ ಕನ್ನಡ ಪತ್ರ ಸಮುದ್ರ ದಾಟಿ ಬಂದದ್ದು ಹಾಗೆ.

ತಕ್ಕಡಿಯ ಕತೆಯೂ ಇಂಥದ್ದೇ. ನಮ್ಮ ಅಜ್ಜಂದಿರು ಅಕ್ಕಿಯನ್ನು ಸೇರು, ಕಳಸೆ, ಮುಡಿಗಳಲ್ಲಿ ಅಳೆಯುತ್ತಿದ್ದರು. ಅಳತೆಗಳು ಊರಿಂದೂರಿಗೆ ಬೇರೆ. ದೇಶದೇಶಗಳ ನಡುವೆ ಇದೇ ಗೊಂದಲ ದೊಡ್ಡದಾಗಿ ಇತ್ತು. 1875ರ ಮೇ 20ರಂದು 17 ದೇಶಗಳು ಪ್ಯಾರಿಸಿನಲ್ಲಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ಭಾರತ ಸೇರಿದ್ದು 1957ರಲ್ಲಿ. ವಿಜ್ಞಾನ ಪುಸ್ತಕದಲ್ಲಿ ಮಕ್ಕಳು ಬಾಯಿಪಾಠ ಮಾಡುವ ‘ಎಸ್.ಐ. ಪದ್ಧತಿ’ಯಲ್ಲಿ ‘ಐ’ ಎಂದರೆ ಇಂಟರ್‌ನ್ಯಾಶನಲ್. 1960ರಲ್ಲಿ ಇಟ್ಟ ಹೆಸರು ಅದು. ರೇಶನ್ ಅಂಗಡಿಯಲ್ಲಿ ಒಂದು ಕಿಲೋ ಅಕ್ಕಿ ತೂಗಿಸಿಕೊಳ್ಳುವ ಅಜ್ಜಿಯೂ ದಿನಾ ಅಂತಾರಾಷ್ಟ್ರೀಯ ವ್ಯವಹಾರ ಮಾಡುತ್ತಿದ್ದಾಳೆ ಎಂದರೆ ತಪ್ಪಲ್ಲ.

ಸಂವಿಧಾನದಲ್ಲಿ ಈ ಪದ

ನಮ್ಮ ಸಂವಿಧಾನದಲ್ಲಿ ‘ಅಂತಾರಾಷ್ಟ್ರೀಯ’ ಎಂಬ ಪದ ಬರುವ ಎರಡು ಜಾಗಗಳನ್ನು ಮಕ್ಕಳಿಗೆ ತೋರಿಸಬೇಕು.

ಒಂದು, 343ನೇ ವಿಧಿ. ಕೇಂದ್ರ ಸರಕಾರದ ಅಧಿಕೃತ ಕೆಲಸಕ್ಕೆ ಬಳಸುವ ಅಂಕಿಗಳು ‘ಭಾರತೀಯ ಅಂಕಿಗಳ ಅಂತಾರಾಷ್ಟ್ರೀಯ ರೂಪ’ದಲ್ಲಿರಬೇಕು ಎಂದು ಅದು ಹೇಳುತ್ತದೆ. ಈ 1, 2, 3 ಇಂಗ್ಲಿಷ್ ಅಂಕಿಗಳು ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ. ನಿಜವಾಗಿ ಸೊನ್ನೆಯೂ ಸ್ಥಾನಬೆಲೆಯೂ ಸೇರಿದ ಈ ಲೆಕ್ಕದ ಕ್ರಮ ಭಾರತದ್ದು. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಇದರ ಬಗ್ಗೆ ಬರೆದರು. 1202ರಲ್ಲಿ ಇಟಲಿಯ ಫಿಬೊನಾಚಿ ತಮ್ಮ ಗ್ರಂಥದ ಮೂಲಕ ಯುರೋಪಿನ ವ್ಯಾಪಾರಿಗಳಿಗೆ ಪರಿಚಯಿಸಿದರು. ಕೈಯಿಂದ ಕೈಗೆ ಹೋಗಿ, ರೂಪ ಬದಲಿಸಿ, ಮತ್ತೆ ಮನೆಗೆ ಬಂದ ಅಂಕಿಗಳಿವು. ಅವುಗಳ ಹೆಸರಿನಲ್ಲಿ ‘ಭಾರತೀಯ’ ಮತ್ತು ‘ಅಂತಾರಾಷ್ಟ್ರೀಯ’ ಎರಡೂ ಅಕ್ಕಪಕ್ಕ ಕುಳಿತಿವೆ. ಒಂದಿದ್ದರೆ ಇನ್ನೊಂದಿಲ್ಲ ಎಂದೇನಿಲ್ಲ.

ಇನ್ನೊಂದು, 51ನೇ ವಿಧಿ. ಅಂತಾರಾಷ್ಟ್ರೀಯ ಶಾಂತಿ ಮತ್ತು ಭದ್ರತೆಗೆ ಸರಕಾರ ಪ್ರಯತ್ನಿಸಬೇಕು, ರಾಷ್ಟ್ರಗಳ ನಡುವೆ ನ್ಯಾಯದ ಗೌರವದ ಸಂಬಂಧ ಇರಬೇಕು, ಅಂತಾರಾಷ್ಟ್ರೀಯ ಕಾನೂನನ್ನು ಗೌರವಿಸಬೇಕು, ವಿವಾದಗಳನ್ನು ಮಧ್ಯಸ್ಥಿಕೆಯಿಂದ ತೀರಿಸಿಕೊಳ್ಳಲು ಉತ್ತೇಜನ ಕೊಡಬೇಕು ಎಂಬ ನಿರ್ದೇಶನ. ವಿಶ್ವಸಂಸ್ಥೆಯ ಮೂಲ ಸದಸ್ಯರೂ 51. ಪರೀಕ್ಷೆಗೆ ನೆನಪಿಡಲು ಸುಲಭ!

ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. 1956ರ ನವೆಂಬರ್ 1ರವರೆಗೆ ನಮ್ಮ ಕಾಸರಗೋಡು ಕೂಡ ಮಂಗಳೂರಿನ ಜೊತೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದುದರಿಂದ ಅವರನ್ನು ನಮ್ಮ ಜಿಲ್ಲೆಯವರು ಎಂದು ಹೇಳಿಕೊಳ್ಳಲು ನಮಗೂ ಹಕ್ಕುಂಟು. 1950ರ ಜೂನಿನಲ್ಲಿ ಕೊರಿಯಾ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು, 1953ರಲ್ಲಿ ತೀರಿಕೊಂಡರು. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಾರತದ ಪರವಾಗಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಮರುವರ್ಷ ಮೈಸೂರಿನ ದಿವಾನರಾದರು.

ಒಂದು ಮಾತು ಇಲ್ಲಿ ಹೇಳಬೇಕು. ನಾವು ಕನ್ನಡದಲ್ಲಿ ‘ವಿಶ್ವಸಂಸ್ಥೆ’ ಎನ್ನುತ್ತೇವೆ. ಮೂಲ ಹೆಸರಿನ ಅರ್ಥ ‘ಒಂದುಗೂಡಿದ ರಾಷ್ಟ್ರಗಳು’ ಎಂದು. ನಮ್ಮ ಹೆಸರಿನಲ್ಲಿ ವಿಶ್ವ ಉಳಿಯಿತು, ರಾಷ್ಟ್ರಗಳು ಕಾಣೆಯಾದವು! ಇದರಿಂದ ಅದು ಎಲ್ಲ ದೇಶಗಳ ಮೇಲೆ ಕುಳಿತ ದೊಡ್ಡ ಸರಕಾರ ಎಂದು ಮಕ್ಕಳು ತಿಳಿಯುತ್ತಾರೆ. ಹಾಗಲ್ಲ. ಎಲ್ಲ ಸದಸ್ಯ ರಾಷ್ಟ್ರಗಳ ಸಾರ್ವಭೌಮತ್ವ ಸಮಾನ ಎಂಬುದು ಸನ್ನದಿನ ತತ್ವ. ಇಂದು 193 ಸದಸ್ಯರಿದ್ದಾರೆ. ಮಹಾಸಭೆಯಲ್ಲಿ ದೊಡ್ಡ ದೇಶಕ್ಕೂ ಒಂದೇ ಮತ, ಪುಟ್ಟ ದ್ವೀಪಕ್ಕೂ ಒಂದೇ ಮತ.

ಪದ ಸೋತ ಕತೆಯೂ ಉಂಟು

ಇದನ್ನೆಲ್ಲ ಓದಿ ಅಂತಾರಾಷ್ಟ್ರೀಯ ಎಂಬುದು ಬರೀ ಸಿಹಿ ಪದ ಎಂದುಕೊಳ್ಳಬಾರದು. ಚರಿತ್ರೆ ಕಲಿಸುವವರು ಕಹಿಯನ್ನೂ ಹೇಳಬೇಕು. ಮೊದಲ ಮಹಾಯುದ್ಧದ ಬಳಿಕ 1920ರ ಜನವರಿ 10ರಂದು ರಾಷ್ಟ್ರಸಂಘ ಜಾರಿಗೆ ಬಂತು. ಸ್ವಾತಂತ್ರ್ಯವೇ ಇಲ್ಲದ ಭಾರತವೂ ಅದರ ಮೂಲ ಸದಸ್ಯ. ಅಲ್ಲಿ ನಮ್ಮ ಪ್ರತಿನಿಧಿಗಳನ್ನು ಕಳಿಸುತ್ತಿದ್ದುದು ಬ್ರಿಟಿಷ್ ಸರಕಾರ. ರಾಷ್ಟ್ರಗಳ ನಡುವೆ ಕುಳಿತಿದ್ದೆವು, ಆದರೆ ನಮ್ಮ ಬಾಯಿ ನಮ್ಮದಾಗಿರಲಿಲ್ಲ. 1933ರಲ್ಲಿ ಜಪಾನ್ ಮತ್ತು ಜರ್ಮನಿ ಹೊರನಡೆಯುವುದಾಗಿ ತಿಳಿಸಿದವು. 1935ರಲ್ಲಿ ಇಟಲಿ ಅಬಿಸೀನಿಯಾದ ಮೇಲೆ ದಾಳಿ ಮಾಡಿದಾಗ ಸಂಘಕ್ಕೆ ತಡೆಯಲಾಗಲಿಲ್ಲ. 1939ರಲ್ಲಿ ಮತ್ತೆ ಮಹಾಯುದ್ಧ. ವಿಶ್ವಸಂಸ್ಥೆ ಬಂದ ಮೇಲೂ ಯುದ್ಧಗಳು ನಿಂತಿಲ್ಲ, ಪತ್ರಿಕೆ ಓದುವ ಮಕ್ಕಳಿಗೆ ಅದು ಗೊತ್ತು. ಐದು ರಾಷ್ಟ್ರಗಳ ಕೈಯಲ್ಲಿ ವೀಟೊ ಇದೆ, ಅದೂ ಗೊತ್ತು.

‘ಅಂತರ’ ಎಂದರೆ ದೂರ ಎಂಬ ಅರ್ಥವೂ ಇದೆ. 2020ರಲ್ಲಿ ‘ಸಾಮಾಜಿಕ ಅಂತರ’ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಆ ವರ್ಷ ತಲಪಾಡಿಯ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಎರಡು ರಾಜ್ಯಗಳ ನಡುವೆ ಬದುಕುವುದು ಎಂದರೇನೆಂದು ನಾವು ಕಂಡೆವು. ‘ನಡುವೆ’ ಎಂಬುದು ಸೇತುವೆಯೂ ಆಗಬಹುದು, ಗೋಡೆಯೂ ಆಗಬಹುದು. ಒಂದೇ ಪದದಲ್ಲಿ ಎರಡೂ ಅಡಗಿವೆ. ಯಾವುದಾಗಬೇಕು ಎಂಬುದು ಎರಡು ಬದಿಯವರ ಕೈಯಲ್ಲಿದೆ.

ಹಾಗಾದರೆ ಅಂತಾರಾಷ್ಟ್ರೀಯ ಶಾಲೆ?

ಈಗ ನಮ್ಮ ಹಳೆ ವಿದ್ಯಾರ್ಥಿಯ ಮಾತಿಗೆ ಬರೋಣ. ಅಂತಾರಾಷ್ಟ್ರೀಯ ಶಾಲೆ ಎಂಬ ಹೆಸರಿಗೂ ಒಂದು ನಿಜವಾದ ಚರಿತ್ರೆ ಇದೆ. ರಾಷ್ಟ್ರಸಂಘ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕಚೇರಿಗಳು ಜಿನೀವಾ ನಗರದಲ್ಲಿದ್ದವು. ಬೇರೆ ಬೇರೆ ದೇಶಗಳಿಂದ ಬಂದ ನೌಕರರ ಮಕ್ಕಳು ಎಲ್ಲಿ ಓದಬೇಕು? 1924ರಲ್ಲಿ ಅಲ್ಲೊಂದು ಶಾಲೆ ತೆರೆದರು, ಬೆರಳೆಣಿಕೆಯ ಮಕ್ಕಳಿಂದ. ಹಲವು ದೇಶಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು, ಪರಸ್ಪರ ಅರಿತು, ಮುಂದೆ ಯುದ್ಧ ಮಾಡದಂತೆ ಬೆಳೆಯಲಿ ಎಂಬುದು ಆಸೆ. ಅಂದರೆ ಆ ಹೆಸರು ಬಂದದ್ದು ಕಟ್ಟಡದಿಂದಲ್ಲ, ಶುಲ್ಕದಿಂದಲೂ ಅಲ್ಲ, ಬೆಂಚಿನಲ್ಲಿ ಅಕ್ಕಪಕ್ಕ ಕುಳಿತವರಿಂದ.

ಇನ್ನು ನಿಜಕ್ಕೂ ಅಂತಾರಾಷ್ಟ್ರೀಯವಾದ ಸಂಸ್ಥೆಗಳು ಮಕ್ಕಳ ಕಲಿಕೆಯ ಬಗ್ಗೆ ಏನು ಹೇಳಿವೆ? 1951ರಲ್ಲಿ ಯುನೆಸ್ಕೊ ಪ್ಯಾರಿಸಿನಲ್ಲಿ ತಜ್ಞರ ಸಭೆ ಕರೆಯಿತು. 1953ರಲ್ಲಿ ಅದರ ವರದಿ ಬಂತು. ಮಗುವಿಗೆ ಕಲಿಸಲು ಅತ್ಯುತ್ತಮ ಮಾಧ್ಯಮ ಅದರ ತಾಯ್ನುಡಿ ಎಂಬುದು ಅದರ ಮುಖ್ಯ ಮಾತು. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿ, ಶಿಕ್ಷಣವು ಮಗುವಿನಲ್ಲಿ ಅದರ ಸ್ವಂತ ಭಾಷೆ ಮತ್ತು ಸಂಸ್ಕೃತಿಯ ಬಗ್ಗೆ ಗೌರವ ಬೆಳೆಸಬೇಕು, ಇತರ ನಾಗರಿಕತೆಗಳ ಬಗ್ಗೆಯೂ ಬೆಳೆಸಬೇಕು ಎನ್ನುತ್ತದೆ. ಎರಡೂ ಒಂದೇ ವಿಧಿಯಲ್ಲಿ. 30ನೇ ವಿಧಿ ಅಲ್ಪಸಂಖ್ಯಾತ ಮಕ್ಕಳು ತಮ್ಮ ಭಾಷೆ ಬಳಸುವ ಹಕ್ಕನ್ನು ಹೇಳುತ್ತದೆ. ಭಾರತ 1992ರಲ್ಲಿ ಇದನ್ನು ಒಪ್ಪಿದೆ. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ವಿದ್ಯಾರ್ಥಿಗಳು ಗುಂಡೇಟಿಗೆ ಬಲಿಯಾದ ನೆನಪಿಗೆ ಯುನೆಸ್ಕೊ 1999ರಲ್ಲಿ ಘೋಷಿಸಿದ ದಿನದ ಹೆಸರೇನು? ಅಂತಾರಾಷ್ಟ್ರೀಯ ಮಾತೃಭಾಷಾ ದಿನ!

‘ಅಂತಾರಾಷ್ಟ್ರೀಯ’ ಮತ್ತು ‘ಮಾತೃಭಾಷೆ’ ಒಂದೇ ಸಾಲಿನಲ್ಲಿ. ಕನ್ನಡ ಮಾಧ್ಯಮ ಬಿಟ್ಟರೆ ಮಾತ್ರ ಅಂತಾರಾಷ್ಟ್ರೀಯ ಎಂದುಕೊಂಡ ನಮ್ಮ ಹೆತ್ತವರಿಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ. ಇಂಗ್ಲಿಷ್ ಬೇಡ ಎಂದು ನಾವು ಹೇಳುವುದಿಲ್ಲ. ಬೇಕು, ಚೆನ್ನಾಗಿಯೇ ಬೇಕು. ಅದು ಹಲವರ ನಡುವಿನ ಭಾಷೆ. ಆದರೆ ನಡುವೆ ಹೋಗಿ ನಿಲ್ಲುವವನಿಗೆ ತನ್ನದೊಂದು ಬದಿ ಇರಬೇಕಲ್ಲವೇ? ಲಕೋಟೆಯ ಮೇಲೆ ವಿಳಾಸ ಇಂಗ್ಲಿಷಿನಲ್ಲಿರಲಿ, ಒಳಗೆ ಬರೆಯಲು ಸ್ವಂತದ್ದೊಂದು ಮಾತು ಬೇಡವೇ?

ಕಾಸರಗೋಡು ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಅದೇ ದಿನ, 1956ರ ನವೆಂಬರ್ 1ರಂದು, ಸಂವಿಧಾನದ ಏಳನೇ ತಿದ್ದುಪಡಿ ಜಾರಿಗೆ ಬಂತು. ಅದರಲ್ಲಿ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಶಿಕ್ಷಣಕ್ಕೆ ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಎಂಬುದೇ ಆ ವಿಧಿ. ನಮ್ಮಂಥ ಶಾಲೆಗಳಿಗೆ ಸಂವಿಧಾನದ ಬಲ ಅದು. ವಿಧಿ ಪುಸ್ತಕದಲ್ಲಿ ಭದ್ರವಾಗಿದೆ. ಆದರೆ ಬೆಂಚಿನಲ್ಲಿ ಕೂರಲು ಮಕ್ಕಳಿಲ್ಲದಿದ್ದರೆ ವಿಧಿ ಯಾರಿಗೆ?

ನಮ್ಮ ತರಗತಿಯಲ್ಲಿ ಒಂದು ಆಟ ಆಡಿದೆವು. ‘ನಡುವೆ’ ಎಂಬುದಕ್ಕೆ ಅವರವರ ಮನೆಮಾತಿನ ಪದ ಹೇಳಿ ಎಂದೆವು. ತುಳುವಿನ ‘ನಡುಟು’ ಬಂತು, ಮಲಯಾಳದ ‘ಇಡಯಿಲ್’ ಬಂತು, ಉರ್ದುವಿನ ‘ದರ್ಮಿಯಾನ್’ ಬಂತು. ಸಪ್ತಭಾಷಾ ಸಂಗಮ ಭೂಮಿ ಎಂದು ಸುಮ್ಮನೆ ಹೇಳುತ್ತಾರೆಯೇ! ಮತ್ತೆ ‘ಅಂತಾರಾಷ್ಟ್ರೀಯ’ಕ್ಕೆ ಅಚ್ಚ ಕನ್ನಡದ ಪದ ಮಾಡಿ ಎಂದೆವು. ಒಬ್ಬ ‘ನಡುನಾಡಿನ’ ಎಂದ. ಅದು ನಡುವಿನ ಒಂದು ನಾಡು ಎಂದಾಗುತ್ತದೆ ಎಂದು ಪಕ್ಕದವಳು ಆಕ್ಷೇಪ ತೆಗೆದಳು. ‘ನಾಡುಗಳ ನಡುವಿನ’ ಎಂದು ತೀರ್ಮಾನವಾಯಿತು. ಬೆಂಥಮ್ ಪಟ್ಟ ಪಾಡು ಏನೆಂದು ಆ ಒಂದು ಪಿರಿಯಡಿನಲ್ಲಿ ಮಕ್ಕಳಿಗೆ ತಿಳಿಯಿತು.

ಕಳೆದ ಅಕ್ಟೋಬರ್ 9ಕ್ಕೆ, ಅಂಚೆ ದಿನದಂದು, ಮಕ್ಕಳೆಲ್ಲ ಸೇರಿ ಜೂನಿನಲ್ಲಿ ಶಾಲೆ ಬಿಟ್ಟು ಹೋದ ಗೆಳೆಯನಿಗೆ ಇನ್‌ಲ್ಯಾಂಡ್ ಪತ್ರ ಬರೆದರು. ಹದಿನೈದು ದಿನ ಕಳೆದು ಉತ್ತರ ಬಂತು, ಕನ್ನಡದಲ್ಲಿ. ಅಲ್ಲಿ ಊಟದ ಕೋಣೆ ದೊಡ್ಡದಾಗಿದೆಯಂತೆ, ಈಜುಕೊಳ ಉಂಟಂತೆ. ಕೊನೆಗೆ ಬರೆದಿದ್ದ: “ಇದು ಅಂತರರಾಷ್ಟ್ರೀಯ ಶಾಲೆ. ಆದರೆ ನಮ್ಮ ಕ್ಲಾಸಿನಲ್ಲಿ ಬೇರೆ ದೇಶದವರು ಯಾರೂ ಇಲ್ಲ. ಎಲ್ಲ ನಮ್ಮ ಊರಿನವರೇ.”

ಪತ್ರವನ್ನು ತರಗತಿಯ ಗೋಡೆಗೆ ಅಂಟಿಸಿದ್ದೇವೆ. ಅವನ ಕಾಗುಣಿತಕ್ಕೆ ಪೂರ್ತಿ ಅಂಕ.